ಒತ್ತಕ್ಷರ ಉದುರಿದ ಕಾದಂಬರಿ

ಫೆಬ್ರವರಿ ೩

ಹುಡುಗಿ,

ನಿನ್ನನ್ನು ಸೊಸೆ ಅನ್ನೋಣವೆಂದರೆ ಕೋರ್ಟು ಒಪ್ಪಲ್ಲ. ಹೆಸರು ಹಿಡಿದು ಕರೆಯೋಣವೆಂದರೆ ನೀನು ಈ ಮನೆಯಲ್ಲಿದ್ದಾಗ ಒಂದು ದಿನವೂ ಹಾಗೆ ಕರೆದವಳಲ್ಲ ನಾನು. ಆಗ ಹುಡುಗಿ ಅಂತಿದ್ದೆ, ಈಗಲೂ ಅದೇ ಇರಲಿ.

ವಿಳಾಸ ನನ್ನ ತಂಗಿಯಿಂದ ಸಿಕ್ಕಿತು. ನೀನು ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದೀಯಂತೆ, ಬೋರ್ಡಿನ ಮೇಲೆ ಸ್ಟೇರಿಂಗ್ ಹಿಡಿದುಕೊಂಡ ನಿನ್ನ ಫೋಟೋ ಇದೆಯಂತೆ. ಫೋನ್ ಮಾಡಬಹುದಿತ್ತು. ಆದರೆ ನಿನಗೆ ಫೋನ್ ಮಾಡಲ್ಲ ಅಂತ ಒಂಬತ್ತು ವರ್ಷದ ಹಿಂದೆ ಮಗನಿಗೆ ಮಾತು ಕೊಟ್ಟಿದ್ದೆ. ಪತ್ರದ ವಿಷಯ ಅವನು ಎತ್ತಲಿಲ್ಲ, ನಾನೂ ನೆನಪಿಸಲಿಲ್ಲ.

ಮನೆಗೆ ಬಣ್ಣ ಹೊಡೆಸುತ್ತಿದ್ದಾನೆ. ಅಟ್ಟದಿಂದ ನಿನ್ನ ಕಂಪ್ಯೂಟರ್ ಇಳಿಸಿದರು. ಗುಜರಿಗೆ ಹಾಕು ಅಂದ. ಹಾಕುವ ಮೊದಲು ನಾನು ಅದನ್ನು ಆಟೋದಲ್ಲಿಟ್ಟುಕೊಂಡು ರಿಪೇರಿ ಅಂಗಡಿಗೆ ಹೋಗಿ, ಒಳಗಿದ್ದದ್ದನ್ನೆಲ್ಲ ಪೆನ್ ಡ್ರೈವಿಗೆ ತೆಗೆಸಿಕೊಂಡೆ. ಅದರಲ್ಲಿ ನಿನ್ನ ಕಾದಂಬರಿಯೂ ಇದೆ. ಅಧ್ಯಾಯಕ್ಕೊಂದರಂತೆ ಫೈಲು.

ಯಾಕೆ ತೆಗೆಸಿದೆ ಅಂತ ಹೇಳಿಬಿಡುತ್ತೇನೆ, ಪ್ರೀತಿಗೆ ಅಂದುಕೊಂಡೀಯ. ಅವತ್ತು ನೆಂಟರೆಲ್ಲ ಊಟಕ್ಕೆ ಕೂತಿದ್ದಾಗ ಮಗ ಇದರದೇ ಎರಡು ಪುಟ ಪ್ರಿಂಟ್ ತಂದು ಗಟ್ಟಿಯಾಗಿ ಓದಿ ನಗಿಸಿದನಲ್ಲ, ಆ ಎರಡು ಪುಟದಲ್ಲಿ ಒಬ್ಬ ನರ್ಸ್ ಅತ್ತೆ ಇದ್ದಳು. ಎಲ್ಲರೂ ನನ್ನ ಕಡೆ ತಿರುಗಿದರು. ಮಾರನೇ ದಿನ ನೀನು ಹೊರಟುಹೋದೆ. ನಾನು ಇಷ್ಟು ವರ್ಷವೂ ಆ ಎರಡು ಪುಟ ಹೊತ್ತುಕೊಂಡು ಓಡಾಡಿದ್ದೇನೆ. ನನ್ನ ಬಗ್ಗೆ ಏನೇನು ಬರೆದಿದ್ದೀಯ, ಪೂರ್ತಿ ಗೊತ್ತಾಗಬೇಕು. ಹೆಡ್ ನರ್ಸ್ ಆಗಿ ರಿಟೈರ್ ಆದವಳು ನಾನು, ಚಾರ್ಟ್ ಪೂರ್ತಿ ನೋಡದೆ ಯಾವ ರೋಗಿಯ ಬಗ್ಗೆಯೂ ಬಾಯಿ ಬಿಟ್ಟವಳಲ್ಲ.

ಆದರೆ ನಮ್ಮ ಹೊಸ ಕಂಪ್ಯೂಟರಿನಲ್ಲಿ ಅದು ತೆರೆಯುವುದಿಲ್ಲ. ಬಲವಂತ ಮಾಡಿದರೆ ಇಂಗ್ಲಿಷ್ ಅಕ್ಷರಗಳಿಗೆ ಕೊಂಬು ಬಾಲ ಮೂಡಿದ ಹಾಗೆ ಏನೋ ಬರುತ್ತದೆ. ಯಾವುದರಲ್ಲಿ ಬರೆದಿದ್ದೆ ಅನ್ನುವುದೊಂದು ಹೇಳು. ಉಳಿದದ್ದು ನಾನು ನೋಡಿಕೊಳ್ತೇನೆ.

ಇಂತಿ,
ಹಿಂದೆ ನಿನಗೆ ಅತ್ತೆಯಾಗಿದ್ದವಳು


ಫೆಬ್ರವರಿ ೧೬

ಮಾನ್ಯರೇ,

ನಿಮ್ಮ ಪತ್ರ ತಲುಪಿತು. ಆ ಫೈಲುಗಳು ನನ್ನವು. ತೆರೆಯುವ ಅಧಿಕಾರ ನಿಮಗೆ ಯಾರೂ ಕೊಟ್ಟಿಲ್ಲ. ದಯವಿಟ್ಟು ಅಳಿಸಿಬಿಡಿ.

ಯಾವುದರಲ್ಲಿ ಬರೆದೆ ಅಂತ ಹೇಳುವುದಿಲ್ಲ. ಹೇಳಿದರೂ ಉಪಯೋಗವಿಲ್ಲ. ಅದನ್ನು ಮಾರುತ್ತಿದ್ದ ಕಂಪನಿಯೇ ಮುಚ್ಚಿಹೋಗಿದೆ. ಅಕ್ಷರಗಳೆಲ್ಲ ಅದರದೇ ಫಾಂಟಿನವು, ಆ ಫಾಂಟಿಲ್ಲದ ಕಂಪ್ಯೂಟರಿಗೆ ಅದು ಕನ್ನಡ ಅಂತಲೇ ಗೊತ್ತಾಗಲ್ಲ. ಒಳ್ಳೆಯದೇ ಆಯಿತು.

ನಾನೀಗ ಬರೆಯುವುದಿಲ್ಲ. ಬೆಳಗ್ಗೆಯಿಂದ ಸಂಜೆವರೆಗೆ ಜನಕ್ಕೆ ಕ್ಲಚ್ಚು ಬ್ರೇಕು ಹೇಳಿಕೊಡುತ್ತೇನೆ. ನಮ್ಮ ಕಾರುಗಳಲ್ಲಿ ಕಲಿಸುವವರ ಕಾಲಿನ ಕೆಳಗೂ ಒಂದು ಬ್ರೇಕ್ ಇರುತ್ತದೆ. ಕಲಿಯುವವರು ಯಾವ ಗೋಡೆಗೆ ನುಗ್ಗಿದರೂ ನಾನು ನಿಲ್ಲಿಸಬಲ್ಲೆ. ನಿಮ್ಮನ್ನು ನಿಲ್ಲಿಸಲು ಈ ಪತ್ರ ಸಾಕು ಅಂದುಕೊಂಡಿದ್ದೇನೆ.

ಇಂತಿ,
ಫೈಲುಗಳ ಒಡತಿ


ಮಾರ್ಚ್ ೧೧

ಹುಡುಗಿ,

ಸಾಕಾಗಲಿಲ್ಲ.

ಹೇಳುವುದಿಲ್ಲ ಅಂತ ಬರೆಯುತ್ತಲೇ ಹೇಳಿಬಿಟ್ಟೆ ನೋಡು. ಫಾಂಟು ಅಂದೆ. ಆ ಒಂದು ಮಾತು ಹಿಡಿದುಕೊಂಡು ಹೊರಟೆ. ರಿಪೇರಿಯವನು ಇದು ಸತ್ತ ಹೆಣ, ಬಿಟ್ಟುಬಿಡಿ ಅಂದ. ಹೆಣಕ್ಕೂ ನಾಡಿ ನೋಡಿಯೇ ಬಿಡುವ ಕೆಲಸ ಮಾಡಿದವಳು ನಾನು ಅಂದೆ. ಇನ್ನೊಂದು ಅಂಗಡಿಯಲ್ಲಿ ನನ್ನನ್ನು ಅಜ್ಜಿ ಅಂತ ಕರೆದು ಕೂರಿಸಿ, ನೀರು ಕೊಟ್ಟು, ಹಾಗೇ ಎಬ್ಬಿಸಿ ಕಳಿಸಿದರು. ಕೊನೆಗೆ ಹಳೇ ಬಸ್ ಸ್ಟ್ಯಾಂಡಿನ ಹಿಂದೆ ರಸೀದಿ ಪುಸ್ತಕ, ಕರೆಯೋಲೆ ಅಚ್ಚು ಹಾಕುವ ಒಂದು ಪ್ರೆಸ್ ಇದೆ, ಅಲ್ಲಿಗೆ ಹೋದೆ. ಗಿರಾಕಿಗಳ ಹಳೇ ಕೆಲಸವೆಲ್ಲ ಅದರಲ್ಲೇ ಇದೆ ಅಂತ ಪ್ರೆಸ್ಸಿನವನು ಒಂದು ಪುರಾತನ ಕಂಪ್ಯೂಟರ್ ಇನ್ನೂ ಇಟ್ಟುಕೊಂಡಿದ್ದಾನೆ. ನಿನ್ನ ಫೈಲು ಹಾಕಿದ. ಸ್ವಲ್ಪ ಹೊತ್ತು ಗುರ್ ಅಂದಿತು. ಆಮೇಲೆ ಕನ್ನಡ ಬಂತು.

ಅದನ್ನು ಹೊಸ ಕಂಪ್ಯೂಟರಿನ ಕನ್ನಡಕ್ಕೆ ಬದಲಾಯಿಸಿ ಕೊಟ್ಟ. ಬದಲಾಯಿಸುವಾಗ ಒತ್ತಕ್ಷರಗಳೆಲ್ಲ ಉದುರಿಹೋಗಿವೆ. ಅಣ್ಣ ಅಣ ಆಗಿದ್ದಾನೆ, ಹೆಬ್ಬಾಗಿಲು ಹೆಬಾಗಿಲಾಗಿದೆ. ‘ಅವಳಿಗೆ ಬೆಕು ಕಂಡರಾಗುತಿರಲಿಲ’ ಅಂತ ಒಂದು ಸಾಲು. ಏನು ಬೇಕಾಗಿತ್ತಪ್ಪ ಇವಳಿಗೆ, ಅದನ್ನು ಕಂಡರೂ ಆಗುತ್ತಿರಲಿಲ್ಲ ಅಂತ ತಲೆ ಕೆಡಿಸಿಕೊಂಡೆ. ಎರಡು ಪುಟ ಆದಮೇಲೆ ಆ ಬೆಕ್ಕು ಮಿಯಾಂವ್ ಅಂದಾಗ ತಿಳಿಯಿತು.

ಮಗ ಗೋಡೌನಿಗೆ ಹೊರಟ ಮೇಲೆ ಕನ್ನಡಕ ಹಾಕಿಕೊಂಡು ಕೂರುತ್ತೇನೆ. ಒಂದೊಂದೇ ಒತ್ತು ಹುಡುಕಿ ಸೇರಿಸುತ್ತಿದ್ದೇನೆ. ಸರಿಮಾಡಿದಷ್ಟನ್ನು ಪ್ರಿಂಟ್ ಮಾಡಿ ನಿನಗೆ ಕಳಿಸುತ್ತೇನೆ. ನಿನ್ನ ಬ್ರೇಕು ನಿನ್ನ ಕಾರಿನಲ್ಲಿರಲಿ.

ಇಂತಿ,
ಅದೇ ಅತ್ತೆ


ಏಪ್ರಿಲ್ ೧೦

ಹುಡುಗಿ,

ನಿನ್ನಿಂದ ಕಾಗದವಿಲ್ಲ. ಮೂರು ಲಕೋಟೆ ಕಳಿಸಿದ್ದೇನೆ. ವಾಪಸು ಬಂದಿಲ್ಲವಾದ್ದರಿಂದ ಸಿಕ್ಕಿವೆ ಅಂತ ಲೆಕ್ಕ.

ಅರ್ಧಕ್ಕಿಂತ ಹೆಚ್ಚು ಓದಿದೆ. ಜಗಳಕ್ಕೆ ಬೇಕಾದ ಸಾಮಾನು ಸಿಗುತ್ತದೆ ಅಂತ ಪೆನ್ಸಿಲ್ ಹಿಡಿದು ಕೂತಿದ್ದೆ. ನಿನ್ನ ಅತ್ತೆ ಗದರುತ್ತಾಳೆ, ಸರಿ, ನಾನೂ ಗದರುತ್ತಿದ್ದೆ. ಬೀರುವಿನ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಾಳೆ, ಸರಿ. ಆದರೆ ಅವಳು ಡ್ಯೂಟಿ ಮುಗಿಸಿ ಬಂದವಳು ನೇರ ಒಳಗೆ ಬರದೆ, ಹಿತ್ತಲ ನಲ್ಲಿಯಲ್ಲಿ ಮೊಳಕೈವರೆಗೆ ಕೈ ತೊಳೆಯುತ್ತಾ ನಿಲ್ಲುತ್ತಾಳೆ ಅಂತ ಬರೆದಿದ್ದೀಯ. ಆಸ್ಪತ್ರೆಯಲ್ಲಿ ತೊಳೆದುಕೊಂಡೇ ಬಂದಿದ್ದರೂ ಮತ್ತೆ ತೊಳೆಯುತ್ತಾಳೆ, ಅದು ಮುಗಿಯುವವರೆಗೆ ಯಾರು ಮಾತಾಡಿಸಿದರೂ ಕೇಳಿಸುವುದಿಲ್ಲ ಅಂತ. ನಾನು ಹಾಗೆ ಮಾಡುತ್ತಿದ್ದೆ ಅಂತ ನನಗೇ ಗೊತ್ತಿರಲಿಲ್ಲ. ಗಂಡನಿಗೂ ಗೊತ್ತಿದ್ದಿರಲಿಕ್ಕಿಲ್ಲ. ಮಗನನ್ನು ಕೇಳುವ ಹಾಗಿಲ್ಲ.

ಈಗ ತಕರಾರಿಗೆ ಬರುತ್ತೇನೆ. ಹನ್ನೊಂದನೇ ಅಧ್ಯಾಯ. ಅವಳು ಬರುತ್ತಾಳೆ, ಒಲೆಯ ಮೇಲೆ ಹಾಲು ಉಕ್ಕಿ ಹರಿದಿರುತ್ತದೆ, ಸೊಸೆಗೆ ಬಾಯಿಗೆ ಬಂದ ಹಾಗೆ ಬೈಯುತ್ತಾಳೆ, ಮತ್ತೆ ಹಿತ್ತಲಿಗೆ ಹೋಗುತ್ತಾಳೆ. ಆಮೇಲೆ ಎರಡೇ ಪದದ ಒಂದು ಸಾಲು. ‘ಅತೆ ಅತಳು.’

ಅತೆ ಅಂದರೆ ಅತ್ತೆ. ಅದಕ್ಕೆ ಒತ್ತು ಹಾಕಿದೆ. ಅತಳು ಅನ್ನುವುದಕ್ಕೆ ನಾನು ಹಾಕುವುದಿಲ್ಲ. ಈ ಮನೆಯಲ್ಲಿ ನನ್ನ ಕಣ್ಣಲ್ಲಿ ನೀರು ಕಂಡವರು ಯಾರೂ ಇಲ್ಲ. ಬರೆಯುವವರಿಗೆ ಬಾಯಿಗೆ ಬಂದದ್ದು ಬರೆಯುವ ಹಕ್ಕಿರಬಹುದು, ಒತ್ತು ಹಾಕುವ ಕೈ ಮಾತ್ರ ನನ್ನದು. ಅದು ಹಾಗೇ ಅರ್ಥವಿಲ್ಲದೆ ಬಿದ್ದಿರಲಿ.

ಇಂತಿ,
ಅತ್ತೆ


ಏಪ್ರಿಲ್ ೨೨

ಅತ್ತೆಯವರಿಗೆ,

ಹಾಕಿ. ನೀವು ಅತ್ತಿರಿ. ನಾನು ಬಚ್ಚಲಮನೆಯ ಕಿಟಕಿಯಿಂದ ನೋಡಿದೆ. ನಲ್ಲಿ ಜೋರಾಗಿ ಬಿಟ್ಟುಕೊಂಡು, ಸೋಪು ಕೈಯಲ್ಲಿ ಹಿಡಿದುಕೊಂಡೇ ಅತ್ತಿರಿ.

ಅವತ್ತು ಸಂಜೆ ಎದುರುಮನೆಯಾಕೆ ಹೇಳಿದರು. ಅವರ ಗಂಡ ನಿಮ್ಮ ಆಸ್ಪತ್ರೆಯಲ್ಲೇ ಅಟೆಂಡರ್ ಆಗಿದ್ದರಲ್ಲ. ಮಕ್ಕಳ ವಾರ್ಡಿನಲ್ಲಿ ನೀವು ತಿಂಗಳುಗಟ್ಟಲೆ ನೋಡಿಕೊಂಡ ಮಗು ಬೆಳಗ್ಗೆ ಹೋಯಿತಂತೆ. ಬಟ್ಟೆ ಸುತ್ತಿ ತಾಯಿಯ ಕೈಗೆ ಕೊಟ್ಟವರು ನೀವೇ ಅಂತೆ. ನೀವು ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಹೇಗೆ ಕೇಳಬೇಕು ಅಂತ ತಿಳಿಯಲಿಲ್ಲ. ಒಲೆಯ ಮೇಲಿನ ಹಾಲಿನ ಕಲೆ ಇನ್ನೊಂದು ಸಲ ತಿಕ್ಕಿ ತೊಳೆದೆ.

ಆಮೇಲೆ ಹೋಗಿ ಕಂಪ್ಯೂಟರ್ ಮುಂದೆ ಕೂತೆ. ಕಾದಂಬರಿ ಶುರುವಾದದ್ದೇ ಅವತ್ತು. ಹನ್ನೊಂದನೇ ಅಧ್ಯಾಯವನ್ನೇ ಮೊದಲು ಬರೆದದ್ದು. ಆ ಒತ್ತು ಬೇಡವೆಂದರೆ ಇಡೀ ಪುಸ್ತಕ ಹರಿದುಹಾಕಿ, ನನ್ನದೇನೂ ಅಡ್ಡಿಯಿಲ್ಲ. ಅದೊಂದನ್ನು ಬಿಟ್ಟು ಉಳಿದದ್ದು ಇಟ್ಟುಕೊಳ್ಳುವುದಕ್ಕೆ ಮಾತ್ರ ನಾನು ಬಿಡುವುದಿಲ್ಲ.

ಇನ್ನು ಲಕೋಟೆ ಕಳಿಸಬೇಡಿ. ಬಂದವನ್ನು ನಾನು ಒಡೆದಿಲ್ಲ.

ಇಂತಿ,
ಮಾಜಿ ಸೊಸೆ


ಮೇ ೩೦

ಹುಡುಗಿ,

ಒತ್ತು ಹಾಕಿದೆ.

ಹಾಲು ಉಕ್ಕಿಸಿದ್ದು ಮಾತ್ರ ನಿನ್ನದೇ ತಪ್ಪು, ಅದರಲ್ಲಿ ಬದಲಾವಣೆಯಿಲ್ಲ. ಒಲೆಯ ಮೇಲೆ ಹಾಲಿಟ್ಟು ಕಿಟಕಿಯಲ್ಲಿ ಕಾಗೆ ನೋಡುತ್ತಾ ನಿಲ್ಲುವ ಹುಡುಗಿ ನೀನು. ಕಾರು ಹೇಗೆ ಓಡಿಸುತ್ತೀಯೋ ದೇವರೇ ಬಲ್ಲ.

ಕೊನೆಯ ಫೈಲಿಗೆ ಬಂದಿದ್ದೇನೆ. ಅವಳು ಸೂಟ್‌ಕೇಸಿನ ಮುಚ್ಚಳ ಹಾಕುತ್ತಾಳೆ, ನಡುಮನೆಗೆ ಬರುತ್ತಾಳೆ. ‘ಅತ್ತೆಯ ಕಡೆ ಒಮ್ಮೆ ನೋಡಿ’. ಅಷ್ಟೇ. ಅಲ್ಲಿಗೆ ನಿಂತಿದೆ. ಚುಕ್ಕೆಯೂ ಇಲ್ಲ. ಬದಲಾಯಿಸುವಾಗ ಕಳೆದುಹೋಗಿರಬೇಕು ಅಂತ ಪ್ರೆಸ್ಸಿಗೆ ಓಡಿದೆ. ಅವನ ಹಳೇ ಕಂಪ್ಯೂಟರಿನಲ್ಲೂ ಅಷ್ಟೇ ಇದೆ. ನೋಡಿ ಏನು ಮಾಡಿದಳು? ಹಾಗೇ ಹೋದಳೇ? ಅತ್ತೆ ಏನಾದರೂ ಅಂದಳೇ? ನನಗೆ ಮಧ್ಯಾಹ್ನ ಕಣ್ಣು ಮುಚ್ಚಿದರೆ ಆ ಹುಡುಗಿ ಸೂಟ್‌ಕೇಸ್ ಹಿಡಿದುಕೊಂಡು ನಡುಮನೆಯಲ್ಲಿ ನಿಂತೇ ಇರುತ್ತಾಳೆ. ಅವಳನ್ನು ಎತ್ತಲಾದರೂ ಕಳಿಸು.

ಕೊನೆಯ ಲಕೋಟೆ ಇದರ ಜೊತೆಗಿದೆ. ಕಳಿಸಬೇಡಿ ಅಂದದ್ದು ಓದಿದೆ. ಒಡೆಯುವುದು ಬಿಡುವುದು ನಿನಗೆ ಬಿಟ್ಟದ್ದು, ಕಳಿಸುವುದು ನನಗೆ ಬಿಟ್ಟದ್ದು.

ಇಂತಿ,
ಅತ್ತೆ


ಜೂನ್ ೧೨

ಅತ್ತೆಯವರಿಗೆ,

ಏನು ಮಾಡಿದಳು ಅಂತ ನನಗೂ ಗೊತ್ತಿಲ್ಲ. ಆ ಸಾಲು ಅರ್ಧ ಟೈಪ್ ಮಾಡುವಾಗಲೇ ಊಟಕ್ಕೆ ಬಡಿಸಲು ಕರೆದರು. ಎದ್ದು ಬಂದೆ. ಆಮೇಲಿನದು ನಿಮಗೆ ಗೊತ್ತಿದೆ. ಅವರು ಓದಿದರು, ಎಲ್ಲರೂ ನಕ್ಕರು. ನಾನು ಪಾತ್ರೆ ಹಿಡಿದುಕೊಂಡು ನಿಂತಿದ್ದೆ, ನಿಮ್ಮ ಕಡೆ ನೋಡಿದೆ. ನೀವು ಬಾಯಿ ತೆರೆದರೆ ಆ ಮನೆಯಲ್ಲಿ ಎಲ್ಲರೂ ಸುಮ್ಮನಾಗುತ್ತಿದ್ದರು. ನೀವು ನೀರಿನ ಲೋಟ ಸರಿಸಿ ಇಟ್ಟಿರಿ.

ಇಷ್ಟೊಂದು ಕೇಳುತ್ತೀರಲ್ಲ, ನಾನೂ ಒಂದು ಕೇಳುತ್ತೇನೆ. ಯಾಕೆ ಸುಮ್ಮನಿದ್ದಿರಿ?

ಇಂತಿ,
ನಿಮ್ಮ ಕಡೆ ನೋಡಿದವಳು


ಜುಲೈ ೨೦

ಹುಡುಗಿ,

ನೀನು ಕೇಳಿದ್ದಕ್ಕೆ ಉತ್ತರ ಬರೆದೆ. ಹರಿದೆ. ಇನ್ನೊಂದು ಸಲ ಬರೆದು ಅದನ್ನೂ ಹರಿದೆ. ಬರೆಯಲು ಕಲಿತವಳು ನೀನು, ನಾನಲ್ಲ.

ಈಚೆಗೆ ನಡೆದದ್ದು ಹೇಳುತ್ತೇನೆ. ಮಗನಿಗೆ ಗೊತ್ತಾಯಿತು. ಒಂದು ಭಾನುವಾರ ಏನೋ ಹುಡುಕಲು ಕಂಪ್ಯೂಟರ್ ತೆರೆದಿದ್ದಾನೆ, ಕಾದಂಬರಿ ಕಂಡಿದೆ. ನನ್ನನ್ನು ಕರೆದ. ಬಿಟ್ಟುಹೋದವಳ ಕಸವನ್ನು ಮತ್ತೆ ಮನೆಯೊಳಗೆ ತಂದಿದ್ದೀಯ, ನಾಳೆ ಇದು ಪುಸ್ತಕವಾದರೆ ನಮ್ಮ ಮಾನ ಹರಾಜಾಗುತ್ತದೆ, ನಿನ್ನನ್ನೇ ರಾಕ್ಷಸಿ ಮಾಡಿದ್ದಾಳೆ, ನಿನಗೆ ತಿಳಿಯಲ್ಲ ಅಂತೆಲ್ಲ ಅಂದ. ನಾನು ಬೇಳೆ ಆರಿಸುತ್ತಿದ್ದೆ. ಆರಿಸುವುದು ಮುಗಿಸಿ, ತಟ್ಟೆ ಕೆಳಗಿಟ್ಟು ಅಂದೆ:

“ನೀನು ಎರಡು ಪುಟ ಓದಿದ್ದೀಯ. ನಾನು ಪೂರ್ತಿ ಓದಿದ್ದೇನೆ. ಇನ್ನು ಈ ಮನೆಯಲ್ಲಿ ಆ ಪುಸ್ತಕದ ಬಗ್ಗೆ ಮಾತಾಡುವುದಿದ್ದರೆ ಅದು ನಾನು.”

ಅವನು ಕಂಪ್ಯೂಟರಿನ ಕಡೆ ತಿರುಗಿದ. ಎಲ್ಲವನ್ನೂ ಅಳಿಸಿದ. ನನ್ನ ಕಣ್ಣೆದುರಿಗೇ, ಒಂದೊಂದೇ. ಪೆನ್ ಡ್ರೈವನ್ನೂ ಕಿತ್ತುಕೊಂಡು ಹೋದ. ನಿನ್ನ ಹಳೇ ಕಂಪ್ಯೂಟರ್ ಯಾವತ್ತೋ ಗುಜರಿಗೆ ಹೋಯಿತು, ಪ್ರೆಸ್ಸಿನವನು ಗಿರಾಕಿಗಳಲ್ಲದವರದ್ದು ಇಟ್ಟುಕೊಳ್ಳುವುದಿಲ್ಲ. ಈಗ ನಿನ್ನ ಕಾದಂಬರಿ ಈ ಭೂಮಿಯ ಮೇಲೆ ಎಲ್ಲಾದರೂ ಇದ್ದರೆ ಅದು ನೀನು ಒಡೆಯದ ಲಕೋಟೆಗಳಲ್ಲಿ. ಎಸೆದಿಲ್ಲ ತಾನೇ? ಎಸೆದಿದ್ದರೆ ಹೇಳು, ಬಾಯಿಪಾಠ ಬರುವಷ್ಟನ್ನು ನಾನೇ ಕೂತು ಬರೆಯುತ್ತೇನೆ.

ಮುಗಿಯದೆ ಉಳಿದದ್ದನ್ನು ಹೇಗೂ ನಾನೇ ಮುಗಿಸಿಬಿಟ್ಟಿದ್ದೇನೆ. ಇದರೊಳಗಿದೆ ನೋಡು. ಆ ಹುಡುಗಿ ಅತ್ತೆಯ ಕಡೆ ನೋಡುತ್ತಾಳೆ, ಅತ್ತೆ ನಿಲ್ಲು ಅನ್ನುತ್ತಾಳೆ, ಅವಳು ಸೂಟ್‌ಕೇಸ್ ಕೆಳಗಿಡುತ್ತಾಳೆ. ಅತ್ತೆ ಸೊಂಟದಿಂದ ಬೀಗದ ಕೈ ತೆಗೆದು ಕೊಡುತ್ತಾಳೆ. ಇಬ್ಬರೂ ಕೂತು ಕಾಫಿ ಕುಡಿಯುತ್ತಾರೆ. ಒಂದೇ ಪುಟ. ಚೆನ್ನಾಗಿಯೇ ಬಂದಿದೆ.

ಇಂತಿ,
ಅತ್ತೆ


ಆಗಸ್ಟ್ ೨

ಅತ್ತೆ,

ಎಸೆದಿಲ್ಲ. ಆಫೀಸಿನ ಬೀರುವಿನಲ್ಲಿ, ಲೈಸೆನ್ಸ್ ಫಾರಂಗಳ ಕೆಳಗಿದ್ದವು.

ನಿಮ್ಮ ಪತ್ರ ಬಂದ ದಿನ ಬ್ಯಾಂಕಿನ ಮೇಡಂ ಒಬ್ಬರಿಗೆ ರಿವರ್ಸ್ ಹೇಳಿಕೊಡುವುದಿತ್ತು. ಅವರು ಬರುವುದು ತಡವಾಯಿತು. ಕಾರಿನಲ್ಲೇ ಕೂತು ಮೊದಲನೇ ಲಕೋಟೆ ಒಡೆದೆ. ಮೇಡಂ ಬಂದು ಗಾಜು ತಟ್ಟಿದಾಗ ನಾನು ನಾಲ್ಕನೇ ಅಧ್ಯಾಯದಲ್ಲಿದ್ದೆ. ಇವತ್ತು ಕ್ಲಾಸ್ ಇಲ್ಲ ಅಂತ ಕಳಿಸಿಬಿಟ್ಟೆ. ಅವರಿಗೆ ಸಿಟ್ಟು ಬಂತು.

ಅತ್ತೆ, ಇದು ಚೆನ್ನಾಗಿದೆ. ನಾನೇ ಹೇಳಿಕೊಳ್ಳಬಾರದು, ಆದರೆ ಹೇಳುತ್ತೇನೆ. ಅವತ್ತು ನಕ್ಕದ್ದನ್ನು ಕೇಳಿ ಕೇಳಿ, ನಗುವಂಥದ್ದನ್ನೇ ಬರೆದಿದ್ದೆ ಅಂತ ನಾನೇ ನಂಬಿಬಿಟ್ಟಿದ್ದೆ. ನಗುವಂಥದ್ದು ಇದರಲ್ಲಿ ಏನೂ ಇಲ್ಲ. ಅವರು ಅಳಿಸಲಿ. ಬೇಕಾದರೆ ಇನ್ನೊಂದು ಸಲ ಅಳಿಸಲಿ. ನೂರು ಪ್ರತಿ ಜೆರಾಕ್ಸ್ ಮಾಡಿಸಿ ನಮ್ಮ ಸ್ಕೂಲಿಗೆ ಬಂದವರಿಗೆಲ್ಲ ಹಂಚುತ್ತೇನೆ.

ನಿಮ್ಮ ಕೊನೆಯ ಪುಟ ಮಾತ್ರ ಅಸಹ್ಯವಾಗಿದೆ. ಬೀಗದ ಕೈ, ಕಾಫಿ. ಯಾರು ಇವರೆಲ್ಲ? ಆ ಹುಡುಗಿ ಸೂಟ್‌ಕೇಸ್ ಕೆಳಗಿಡುವುದಿಲ್ಲ. ಇಟ್ಟರೆ ಅಲ್ಲಿವರೆಗೆ ಬರೆದದ್ದೆಲ್ಲ ಸುಳ್ಳಾಗುತ್ತದೆ. ಅವಳು ವಾಪಸು ಬರುವುದಿಲ್ಲ, ಅತ್ತೆ. ಅದನ್ನು ಎಷ್ಟು ಸಲ ಕೇಳಿದರೂ ಇದೇ ಉತ್ತರ.

ನಿಮ್ಮ ಪುಟವನ್ನು ಹರಿದಿಲ್ಲ, ಇಟ್ಟುಕೊಂಡಿದ್ದೇನೆ. ಆದರೆ ಪುಸ್ತಕದಲ್ಲಿ ಅದು ಇರುವುದಿಲ್ಲ. ಮುಗಿಸುವುದು ನನ್ನ ಕೆಲಸ. ಬೆಳಗಿನ ಕ್ಲಾಸುಗಳನ್ನೆಲ್ಲ ಇನ್ನೊಬ್ಬ ಟೀಚರಿಗೆ ಒಪ್ಪಿಸಿದ್ದೇನೆ.

ಇಂತಿ,
ಹುಡುಗಿ


ಅಕ್ಟೋಬರ್ ೫

ಅತ್ತೆ,

ಮುಗಿಯಿತು. ಕೊನೆಯ ಅಧ್ಯಾಯ ಇದರ ಜೊತೆಗಿದೆ. ಕೈಯಲ್ಲೇ ಬರೆದೆ. ಒತ್ತುಗಳೆಲ್ಲ ಇವೆ, ಎಣಿಸಿಕೊಳ್ಳಿ.

ಪುಸ್ತಕ ಮಾಡುವ ಒಬ್ಬರಿಗೆ ಮೊದಲಿನ ಅಧ್ಯಾಯಗಳನ್ನು ತೋರಿಸಿದ್ದೆ. ಒಪ್ಪಿದ್ದಾರೆ. ಕರಡು ಬಂದಾಗ ತಪ್ಪು ನೋಡಲು ಒಬ್ಬರು ಬೇಕು ಅಂದರು. ಹೆಡ್ ನರ್ಸ್ ಒಬ್ಬರು ಗೊತ್ತು ಅಂದೆ.

ಇಂತಿ,
ಹುಡುಗಿ


ಅಕ್ಟೋಬರ್ ೧೪

ಹುಡುಗಿ,

ಓದಿದೆ. ಸೊಸೆ ಅತ್ತೆಯ ಕಡೆ ನೋಡಿ, ಏನೂ ಅನ್ನದೆ ಹೊರಟುಹೋಗುತ್ತಾಳೆ. ಅದು ನನಗೆ ಗೊತ್ತಿದ್ದದ್ದೇ. ಆದರೆ ಆಮೇಲೆ ಎಷ್ಟೋ ವರ್ಷ ಕಳೆದು, ಅತ್ತೆಯೂ ಒಂದು ಬೆಳಗ್ಗೆ ಎರಡು ಸೀರೆ ಚೀಲಕ್ಕೆ ಹಾಕಿಕೊಂಡು, ಬೀರುವಿನ ಬೀಗದ ಕೈ ಮೊಳೆಗೆ ನೇತುಹಾಕಿ, ಗೇಟು ತೆಗೆದು ಹೊರಗೆ ಬರುತ್ತಾಳೆ ಅಂತ ಬರೆದಿದ್ದೀಯ. ಅಲ್ಲಿಗೇ ಪುಸ್ತಕ ಮುಗಿಸಿದ್ದೀಯ.

ಇದೇನು ನ್ಯಾಯ? ಎಲ್ಲಿಗೆ ಹೊರಟಳು ಅವಳು? ಒಂದು ಆಟೋ ಕೂಡ ಬರೆದಿಲ್ಲ. ಈ ವಯಸ್ಸಿನಲ್ಲಿ ಮಂಡಿನೋವು ಇಟ್ಟುಕೊಂಡು ಬೀದಿಯಲ್ಲಿ ಎಷ್ಟು ಹೊತ್ತು ನಿಲ್ಲುತ್ತಾಳೆ? ಸೊಸೆಯನ್ನು ನಡುಮನೆಯಲ್ಲಿ ನಿಲ್ಲಿಸಿದ್ದೆ, ಈಗ ಅತ್ತೆಯನ್ನು ಬೀದಿಯಲ್ಲಿ ನಿಲ್ಲಿಸಿದ್ದೀಯ. ನಿನಗೆ ಜನರನ್ನು ನಿಲ್ಲಿಸುವುದೇ ಒಂದು ಚಟ.

ತಪ್ಪು ನೋಡುವ ಕೆಲಸ ಒಪ್ಪಿದೆ. ಈ ಮನೆಯ ಕಂಪ್ಯೂಟರಿಗೆ ಮಗ ಪಾಸ್‌ವರ್ಡ್ ಹಾಕಿದ್ದಾನೆ. ಆದ್ದರಿಂದ ಇಲ್ಲಿ ಕೂತು ಮಾಡುವಂತಿಲ್ಲ.

ಇಂತಿ,
ಅತ್ತೆ


ಅಕ್ಟೋಬರ್ ೨೧

ಅತ್ತೆ,

ಭಾನುವಾರ ಬೆಳಗ್ಗೆ ಕಾರು ತರುತ್ತೇನೆ. ನಾನು ಒಳಗೆ ಬರುವುದಿಲ್ಲ, ಹಾರ್ನ್ ಹೊಡೆಯುವುದೂ ಇಲ್ಲ. ರಸ್ತೆಯ ಆಚೆ ಬದಿಯಲ್ಲಿ ನಿಲ್ಲಿಸಿರುತ್ತೇನೆ. ಕಾರಿನ ತಲೆಯ ಮೇಲೆ ಸ್ಕೂಲಿನ ಹಳದಿ ಬೋರ್ಡ್ ಇರುತ್ತದೆ, ಗುರುತು ಸಿಗುತ್ತದೆ.

ಇಲ್ಲಿ ಸ್ಕೂಲಿನ ಮೇಲೆ ನನ್ನದು ಎರಡು ಕೋಣೆ. ಒಂದರಲ್ಲಿ ಟೇಬಲ್ ಹಾಕಿಸಿದ್ದೇನೆ. ಮೆಟ್ಟಿಲು ಸ್ವಲ್ಪ ಕಡಿದು, ನಿಧಾನಕ್ಕೆ ಹತ್ತೋಣ.

ಇಂತಿ,
ನಿಮ್ಮ ಹುಡುಗಿ


ಅಕ್ಟೋಬರ್ ೨೭, ಭಾನುವಾರ

ಮಗನಿಗೆ,

ನೀನು ಏಳುವ ಹೊತ್ತಿಗೆ ನಾನು ಹೊರಟಿರುತ್ತೇನೆ. ಹೇಳದೆ ಹೋದಳು ಅಂತ ನೆಂಟರ ಮುಂದೆ ಅನ್ನಬೇಡ, ಇದು ಹೇಳುವುದೇ. ಕೇಳದೆ ಹೋದಳು ಅಂತ ಬೇಕಾದರೆ ಹೇಳು, ಅದು ನಿಜ.

ಹಾಲು ಕಾಯಿಸಿಟ್ಟಿದ್ದೇನೆ. ಬೀರುವಿನ ಬೀಗದ ಕೈ ಮೊಳೆಯ ಮೇಲಿದೆ. ಬಿ.ಪಿ. ಮಾತ್ರೆ ತೆಗೆದುಕೊಂಡಿದ್ದೇನೆ, ಅದಕ್ಕಾಗಿ ಹಿಂದೆ ಓಡಿ ಬರಬೇಡ. ಕೆಲಸಕ್ಕೆ ಹೋಗುತ್ತಿದ್ದೇನೆ. ಮುಗಿಯುವುದಕ್ಕೆ ಎಷ್ಟು ದಿನ ಬೇಕು ಅಂತ ನನಗೂ ಗೊತ್ತಿಲ್ಲ. ಆಮೇಲೆ ಬರುವುದೋ ಬಿಡುವುದೋ ಆಗ ನೋಡೋಣ.

ಪುಸ್ತಕ ಅಚ್ಚಾದ ಮೇಲೆ ನಿನಗೊಂದು ಪ್ರತಿ ಕಳಿಸುತ್ತೇನೆ. ಹನ್ನೊಂದನೇ ಅಧ್ಯಾಯ ಓದು. ಒಬ್ಬನೇ ಕೂತು ಓದು, ಯಾರಿಗೂ ಗಟ್ಟಿಯಾಗಿ ಓದಿ ಹೇಳಬೇಡ. ಓದಿದ ಮೇಲೆ ನನ್ನನ್ನು ಏನಾದರೂ ಕೇಳಬೇಕು ಅನ್ನಿಸಿದರೆ ಕೇಳು. ನಿನ್ನ ವಯಸ್ಸಿಗೆ ಈಗಲಾದರೂ ಹೇಳಬಹುದು.

ಎದುರಿಗೆ ಹಳದಿ ಬೋರ್ಡಿನ ಕಾರು ಬಂದು ನಿಂತಿತು. ಅಡ್ಡಾದಿಡ್ಡಿ ನಿಲ್ಲಿಸಿದ್ದಾಳೆ. ಊರಿಗೆಲ್ಲ ಕಲಿಸುವವಳು ಇವಳು.

ಇಂತಿ,
ನಿನ್ನಮ್ಮ